ಯಾವ ಮೈಕ್ ಅನ್ನುವುದಕ್ಕಿಂತ ಮೊದಲು: ಕಂಪ್ಯೂಟರಿಗೆ ಜೋಡಿಸುವ ನಾಲ್ಕು ದಾರಿಗಳ ಹೋಲಿಕೆ

ಪಾಡ್‌ಕಾಸ್ಟ್ ಶುರು ಮಾಡಬೇಕು, ಕಥೆ ಓದಿ ಯೂಟ್ಯೂಬಿಗೆ ಹಾಕಬೇಕು, ಅಮೆರಿಕದಲ್ಲಿರುವ ಶಿಷ್ಯರಿಗೆ ಆನ್‌ಲೈನಿನಲ್ಲಿ ಸಂಗೀತ ಹೇಳಿಕೊಡಬೇಕು ಎಂದು ಹೊರಟವರ ಮೊದಲ ಪ್ರಶ್ನೆ, "ಯಾವ ಮೈಕ್ ತಗೊಳ್ಳಲಿ?" ಮೈಕ್ ಮನೆಗೆ ಬಂದ ಮೇಲಿನ ಪ್ರಶ್ನೆ, "ಚುಚ್ಚಿದ್ದಾಯ್ತು, ಏನೂ ಕೇಳಿಸ್ತಿಲ್ಲವಲ್ಲ?" ಎರಡನೆಯದನ್ನು ಮೊದಲೇ ಕೇಳಿಕೊಂಡರೆ ದುಡ್ಡು ಉಳಿಯುತ್ತದೆ.

ಮೈಕಿನಿಂದ ಹೊರಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ನೂರಾರು ಪಟ್ಟು ಹಿಗ್ಗಿಸುವುದು ಪ್ರಿಆಂಪ್ ಕೆಲಸ, ಹಿಗ್ಗಿದ್ದನ್ನು ಅಂಕಿಗಳಾಗಿ ಮಾಡುವುದು ಎಡಿಸಿ ಚಿಪ್ಪಿನ ಕೆಲಸ. 3.5 ಮಿ.ಮೀ. ಜ್ಯಾಕ್ ಆದರೆ ಈ ಎರಡೂ ಕೆಲಸ ಕಂಪ್ಯೂಟರಿನ ಒಳಗೆ ನಡೆಯುತ್ತವೆ. ಯುಎಸ್‌ಬಿ ಮೈಕ್ ಆದರೆ ಮೈಕಿನ ಹೊಟ್ಟೆಯಲ್ಲೇ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ಆದರೆ ನಡುವೆ ಇಡುವ ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆಯಲ್ಲಿ. ವೈರ್‌ಲೆಸ್ ಆದರೆ ಅಂಗಿಗೆ ಸಿಕ್ಕಿಸಿಕೊಂಡ ಟ್ರಾನ್ಸ್‌ಮಿಟರಿನಲ್ಲಿ. ಆರಿಸಬೇಕಾದದ್ದು ಇದನ್ನು. ಮೈಕಿನ ಹೆಸರು ಆಮೇಲಿನದು.

ತೂಗುವ ಮೊದಲು ಕೇಳಿಕೊಳ್ಳಬೇಕಾದವು

ಎಷ್ಟು ಬಾಯಿ? ಒಬ್ಬರೇ ಓದುವುದಾದರೆ ಎಲ್ಲ ದಾರಿಯೂ ತೆರೆದಿದೆ. ಎದುರುಬದುರು ಕೂತು ಇಬ್ಬರು ಮಾತಾಡುವುದು, ಹಾಡಿನ ಜೊತೆ ಹಾರ್ಮೋನಿಯಂ ಅಥವಾ ವೀಣೆ ಎಂದಾದರೆ 3.5 ಜ್ಯಾಕ್, ಯುಎಸ್‌ಬಿ ಎರಡೂ ದಾರಿ ಆಗಲೇ ಮುಚ್ಚಿಹೋದವು.

ಕೋಣೆ ಹೇಗಿದೆ? ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲ, ಬರಿ ಗೋಡೆ, ತಲೆ ಮೇಲೆ ಫ್ಯಾನು, ಪಕ್ಕದ ಅಡುಗೆಮನೆಯಲ್ಲಿ ಕುಕ್ಕರ್: ನಮ್ಮ ಹೆಚ್ಚಿನ ಮನೆಗಳ ಸ್ಥಿತಿ ಇದು. ಕಂಡೆನ್ಸರ್ ಮೈಕ್ ಸೂಕ್ಷ್ಮ, ಅದನ್ನು ಸಾಮಾನ್ಯವಾಗಿ ಬಾಯಿಂದ ದೂರವಿಟ್ಟೇ ಬಳಸುತ್ತಾರೆ. ಹಾಗಾಗಿ ಕೋಣೆಯ ಎಲ್ಲ ಸದ್ದೂ ಅದಕ್ಕೆ ಸಿಗುತ್ತದೆ. ಡೈನಾಮಿಕ್ ಮೈಕ್ ಮಂದ. ಬಾಯಿ ಹತ್ತಿರ ತಂದರೆ ಮಾತ್ರ ಕೇಳಿಸಿಕೊಳ್ಳುತ್ತದೆ, ಮನೆಯಲ್ಲಿ ಅದೇ ಲಾಭ. ಮೈಕಿನ ದೂರ ಇಮ್ಮಡಿಯಾದರೆ ನಿಮ್ಮ ದನಿ 6 ಡೆಸಿಬೆಲ್ ಇಳಿಯುತ್ತದೆ, ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಒಂದು ಮೀಟರ್ ದೂರದ ದುಬಾರಿ ಮೈಕಿಗಿಂತ ಅರ್ಧ ಗೇಣು ದೂರದ ಅಗ್ಗದ ಮೈಕ್ ವಾಸಿ ಎನ್ನುವುದು ಇದಕ್ಕೇ.

ರೆಕಾರ್ಡ್ ಆಗುವಾಗಲೇ ನಿಮ್ಮ ದನಿ ಹೆಡ್‌ಫೋನಿನಲ್ಲಿ ಕೇಳಬೇಕೆ? ಓದುವವರಿಗೆ ಕೇಳಿದರೆ ಒಳ್ಳೆಯದು, ಟ್ರ್ಯಾಕ್ ಮೇಲೆ ಹಾಡುವವರಿಗೆ ಕೇಳಲೇಬೇಕು.

ಬಜೆಟ್ ಬರೆಯುವಾಗ ಮೈಕಿನ ಬೆಲೆಯೊಂದನ್ನೇ ಬರೆಯಬೇಡಿ. ಸ್ಟ್ಯಾಂಡ್, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್, ಕೇಬಲ್, ಹೆಡ್‌ಫೋನ್ ಸೇರಿದರೆ ಎರಡು ಸಾವಿರ ಸಲೀಸಾಗಿ ಹೋಗುತ್ತದೆ.

3.5 ಮಿ.ಮೀ. ಜ್ಯಾಕ್: ಅಗ್ಗ, ಆದರೆ ಪಿನ್ನು ನೋಡಿ

ಸಾವಿರ ರೂಪಾಯಿ ಆಸುಪಾಸಿನ ಕಾಲರ್ ಮೈಕ್‌ಗಳು ಬರುವುದು ಈ ದಾರಿಯಲ್ಲಿ. ಅತಿ ಹೆಚ್ಚು ಜನ ಎಡವುವುದೂ ಇಲ್ಲೇ.

ಪಿನ್ನನ್ನು ಕಣ್ಣ ಹತ್ತಿರ ಹಿಡಿದು ಕಪ್ಪು ಉಂಗುರ ಎಣಿಸಿ. ಎರಡು ಇದ್ದರೆ ಟಿಆರ್‌ಎಸ್, ಅಂದರೆ ಮೂರು ಸಂಪರ್ಕ. ಮೂರು ಇದ್ದರೆ ಟಿಆರ್‌ಆರ್‌ಎಸ್, ನಾಲ್ಕು ಸಂಪರ್ಕ. ಡೆಸ್ಕ್‌ಟಾಪಿನ ಹಿಂದಿರುವ ಗುಲಾಬಿ ಬಣ್ಣದ ಮೈಕ್ ಕಿಂಡಿ ಟಿಆರ್‌ಎಸ್ ಜಾತಿಯದು. ಈಗಿನ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗೂ ಮೈಕಿಗೂ ಒಂದೇ ಕಿಂಡಿ, ಅದು ಟಿಆರ್‌ಆರ್‌ಎಸ್. ಅದರಲ್ಲಿ ಮೈಕಿನ ಸಂಪರ್ಕ ಇರುವುದು ಪಿನ್ನಿನ ಬುಡದಲ್ಲಿ, ಅದರ ಮೇಲಿನ ಸಂಪರ್ಕ ಗ್ರೌಂಡ್. ಕ್ಯಾಮೆರಾಕ್ಕೆಂದು ಮಾಡಿದ ಟಿಆರ್‌ಎಸ್ ಮೈಕನ್ನು ಅಲ್ಲಿ ಚುಚ್ಚಿದರೆ ಮೈಕ್ ಸಂಪರ್ಕವೂ ಗ್ರೌಂಡೂ ಒಂದಾಗಿಬಿಡುತ್ತವೆ. ಲ್ಯಾಪ್‌ಟಾಪು ಇದು ಬರಿ ಹೆಡ್‌ಫೋನ್ ಎಂದುಕೊಂಡು ತನ್ನ ಪರದೆಯ ಅಂಚಿನ ಒಳಮೈಕಿನಿಂದಲೇ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ಮೀಟರು ಕುಣಿಯುತ್ತಿರುತ್ತದೆ, ದನಿಯೂ ಬರುತ್ತಿರುತ್ತದೆ. ಹೊಸ ಮೈಕೇ ಕೆಲಸ ಮಾಡುತ್ತಿದೆ ಎಂದು ನಾವು ನಂಬಿರುತ್ತೇವೆ.

ಇದನ್ನು ಹಿಡಿಯಲು ಉಗುರು ಸಾಕು. ರೆಕಾರ್ಡ್ ಒತ್ತಿ, ಮೈಕಿನ ಸ್ಪಂಜನ್ನು ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪಿನ ಪರದೆಯ ಮೇಲಂಚನ್ನು ಕೆರೆಯಿರಿ. ಎರಡನೆಯದಕ್ಕೆ ಮೀಟರು ಜೋರಾಗಿ ಜಿಗಿದರೆ ಹೊಸ ಮೈಕ್ ಇನ್ನೂ ಜೋಡಣೆಯಾಗಿಲ್ಲ. ಟಿಆರ್‌ಎಸ್ ಮೈಕನ್ನು ಟಿಆರ್‌ಆರ್‌ಎಸ್ ಕಿಂಡಿಗೆ ಹೊಂದಿಸುವ ಅಡಾಪ್ಟರ್ ಸಿಗುತ್ತದೆ. ರೋಡ್ ಕಂಪನಿಯ ಎಸ್‌ಸಿ4 ಅಂಥದ್ದು. ತಿರುಗಾಮುರುಗಾ, ಅಂದರೆ ಫೋನಿನ ಮೈಕನ್ನು ಡೆಸ್ಕ್‌ಟಾಪಿನ ಗುಲಾಬಿ ಕಿಂಡಿಗೆ ಹಾಕಲು ಒಂದು ಹೆಣ್ಣು ಜ್ಯಾಕ್, ಎರಡು ಗಂಡು ಪಿನ್ ಇರುವ ವೈ ಕೇಬಲ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ "ಕನ್ವರ್ಟರ್" ಎಂದಷ್ಟೇ ಕೇಳಿದರೆ ಯಾವುದೋ ಒಂದನ್ನು ಕೈಗಿಡುತ್ತಾರೆ. ಉಂಗುರದ ಲೆಕ್ಕ ಹೇಳಿ ಕೇಳಿ.

ಬೋಯಾ ಬಿವೈ-ಎಂ1 ತರಹದ ಕಾಲರ್ ಮೈಕಿನ ತಂತಿಯಲ್ಲಿ ಸಣ್ಣ ಡಬ್ಬಿಯೊಂದಿರುತ್ತದೆ, ಅದರಲ್ಲಿ ಎಲ್‌ಆರ್44 ಗುಂಡು ಬ್ಯಾಟರಿ ಮತ್ತು ಒಂದು ಸ್ವಿಚ್. ಲ್ಯಾಪ್‌ಟಾಪಿನ ಒಂಟಿ ಕಿಂಡಿಗಾದರೆ ಸ್ವಿಚ್ ಸ್ಮಾರ್ಟ್‌ಫೋನ್ ಕಡೆಗಿರಲಿ, ಬ್ಯಾಟರಿ ಬೇಡ. ಕಿಂಡಿಯಿಂದಲೇ ಕೆಲವು ವೋಲ್ಟ್ ವಿದ್ಯುತ್ ಸಿಗುತ್ತದೆ. 6 ಮೀಟರ್ ತಂತಿಯನ್ನು ಚಾರ್ಜರಿನ ಪಕ್ಕ ಸುರುಳಿ ಸುತ್ತಿಡಬೇಡಿ, ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ.

ಈ ದಾರಿಯ ದೊಡ್ಡ ಕೊರತೆ ಹಿಸ್ ಎನ್ನುವ ಹಿನ್ನೆಲೆ ಸುಯ್‌ಗುಟ್ಟುವಿಕೆ. ಕಂಪ್ಯೂಟರಿನ ಒಳಗಿನ ಪ್ರಿಆಂಪ್ ಮಾತಾಡಲು ಸಾಲುವಂಥದ್ದು, ರೆಕಾರ್ಡಿಂಗಿಗೆ ಮಾಡಿದ್ದಲ್ಲ. ವಿಂಡೋಸಿನ ಮೈಕ್ರೊಫೋನ್ ಬೂಸ್ಟನ್ನು +30 ಡಿಬಿಗೆ (ಡೆಸಿಬೆಲ್) ಏರಿಸಿದರೆ ದನಿಯ ಜೊತೆ ಸುಯ್ಯೂ ಅಷ್ಟೇ ಏರುತ್ತದೆ. +10ಕ್ಕೆ ನಿಲ್ಲಿಸಿ, ಮೈಕನ್ನು ಗಲ್ಲದ ಕೆಳಗೆ ಇನ್ನಷ್ಟು ಮೇಲಕ್ಕೆ ಸಿಕ್ಕಿಸಿ. ಅದಕ್ಕೂ ಬಗ್ಗದಿದ್ದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ ನೋಡಬಹುದು. ಹಾಳಾದ ಕಿಂಡಿಗೂ ಅದೇ ಮದ್ದು.

ಸ್ಟುಡಿಯೊ ಕಂಡೆನ್ಸರ್ ಎಂದು ಬಿಎಂ-800 ಹೆಸರಿನಲ್ಲಿ ಮಾರುವ ಮೈಕ್‌ಗಳ ಜೊತೆ ಒಂದು ತುದಿ ಎಕ್ಸ್‌ಎಲ್‌ಆರ್, ಇನ್ನೊಂದು ತುದಿ 3.5 ಪಿನ್ ಇರುವ ತಂತಿ ಕೊಡುತ್ತಾರೆ. ಕಿಂಡಿಯ ಚಿಲ್ಲರೆ ವೋಲ್ಟಿನಲ್ಲಿ ಅದು ಹೇಗೋ ಜೀವ ಹಿಡಿದುಕೊಳ್ಳುತ್ತದೆ, ದನಿ ಮಾತ್ರ ಪಿಸುಪಿಸು. ಇಂಥ ತಂತಿಗಳಲ್ಲಿ ಇನ್ನೊಂದು ಮೋಸ ಅಡಗಿರಬಹುದು: ಎಕ್ಸ್‌ಎಲ್‌ಆರಿನ 2ನೇ ಪಿನ್ನು ಎಡ ಚಾನೆಲ್ಲಿಗೂ ಅದರ ತಿರುಗುಮುರುಗು ರೂಪವಾದ 3ನೇ ಪಿನ್ನು ಬಲ ಚಾನೆಲ್ಲಿಗೂ ಹೋಗಿರುತ್ತದೆ. ಹೆಡ್‌ಫೋನಿನಲ್ಲಿ ಸ್ವಲ್ಪ ವಿಚಿತ್ರ ಅನ್ನಿಸಿದರೂ ದನಿ ಇರುತ್ತದೆ. ಒಂಟಿ ಸ್ಪೀಕರಿನ ಫೋನಿನಲ್ಲಿ ಹಾಕಿದರೆ ಎಡಬಲ ಒಂದನ್ನೊಂದು ಕಳೆದುಕೊಂಡು ದನಿಯೇ ಮಾಯ. ಹಾಗೆ ರೆಕಾರ್ಡ್ ಆಗಿಹೋಗಿದ್ದರೆ ಎಸೆಯಬೇಕಿಲ್ಲ. ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಟ್ರ್ಯಾಕ್ ಮೆನುವಿನ "ಸ್ಪ್ಲಿಟ್ ಸ್ಟೀರಿಯೊ ಟು ಮೋನೊ" ಒತ್ತಿ ಎರಡರಲ್ಲಿ ಒಂದನ್ನು ಅಳಿಸಿ.

ಶಾಲೆಯ ಸಭೆ, ದೇವಸ್ಥಾನದ ಉತ್ಸವಕ್ಕೆ ಬಳಸುವ ಕೈಮೈಕ್ ಮನೆಯಲ್ಲಿದೆ, ಅದನ್ನೇ ಪಿನ್ ಬದಲಿಸಿ ಲ್ಯಾಪ್‌ಟಾಪಿಗೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅದು ಡೈನಾಮಿಕ್ ಮೈಕ್. ಅದು ಕೊಡುವ ಅಲ್ಪ ವೋಲ್ಟನ್ನು ಹಿಗ್ಗಿಸುವ ತಾಕತ್ತು ಈ ಕಿಂಡಿಗಿಲ್ಲ. ಇಂಟರ್‌ಫೇಸ್ ತಂದರೆ ಅದೇ ಮೈಕ್ ಚೆನ್ನಾಗಿ ಕೆಲಸ ಮಾಡೀತು.

ಯುಎಸ್‌ಬಿ ಮೈಕ್: ಒಬ್ಬರಿಗೆ ಇದೇ ಸಾಕು

ಒಂದೇ ತಂತಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಡ್ರೈವರ್ ಕೇಳದೆ ಗುರುತು ಹಿಡಿಯುತ್ತವೆ. ಗುರುತು ಹಿಡಿಯದೆ ಮೈಕಿನ ದೀಪ ಮಾತ್ರ ಉರಿಯುತ್ತಿದ್ದರೆ ಮೊದಲು ತಂತಿ ಬದಲಿಸಿ. ಫೋನ್ ಚಾರ್ಜಿಂಗಿಗೆಂದೇ ಮಾಡಿದ ಕೆಲವು ತಂತಿಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ. ಯುಎಸ್‌ಬಿ 2.0 ತಂತಿ 5 ಮೀಟರ್ ದಾಟುವಂತಿಲ್ಲ. ಪೆನ್‌ಡ್ರೈವ್, ಮೌಸ್ ಎಲ್ಲ ತುಂಬಿದ ಹಬ್‌ಗೆ ಹಾಕಿ ಪಟಪಟ ಸದ್ದು ಬಂದರೆ ನೇರ ಕಂಪ್ಯೂಟರಿನ ಪೋರ್ಟಿಗೆ ಹಾಕಿ.

ಯುಎಸ್‌ಬಿಯಲ್ಲೂ ಎರಡು ಜಾತಿ. ಬ್ಲೂ ಯೇಟಿಯಂಥ ಕಂಡೆನ್ಸರ್‌ಗಳು ನಿಶ್ಶಬ್ದ ಕೋಣೆಯಲ್ಲಿ ದನಿಯ ಎಳೆ ಎಳೆಯನ್ನೂ ಹಿಡಿಯುತ್ತವೆ. ಆದರೆ ಅದರ ನೆತ್ತಿಗೆ ಬಾಯಿಟ್ಟು ಮಾತಾಡುವವರೇ ಜಾಸ್ತಿ. ಯೇಟಿ ಪಕ್ಕದಿಂದ ಕೇಳಿಸಿಕೊಳ್ಳುವ ಮೈಕ್. ನೆಟ್ಟಗೆ ನಿಲ್ಲಿಸಿ, ಹೆಸರು ಬರೆದಿರುವ ಮೈಗೆ ಮುಖ ಕೊಟ್ಟು ಮಾತಾಡಬೇಕು, ಹಿಂದಿನ ಗುಂಡಿಯನ್ನು ಹೃದಯದಾಕಾರದ ಕಾರ್ಡಿಯಾಯ್ಡ್ ಗುರುತಿಗೆ ತಿರುಗಿಸಿರಬೇಕು. ಎಂಟರ ಆಕಾರದ ಗುರುತಿಗೆ ತಿರುಗಿಸಿದರೆ ಮೇಜಿನ ಆಚೀಚೆ ಕೂತ ಇಬ್ಬರ ದನಿಯನ್ನೂ ಹಿಡಿಯುತ್ತದೆ, ಆದರೆ ಎರಡೂ ಒಂದೇ ಟ್ರ್ಯಾಕಿಗೆ ಬೀಳುತ್ತವೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರ ಮಾತಿನಿಂದ ಅದನ್ನು ಬಿಡಿಸಲಾಗದು.

ಫ್ಯಾನು, ಬೀದಿ, ಕುಕ್ಕರ್ ಇರುವ ಮನೆಗೆ ನನ್ನ ಮತ ಯುಎಸ್‌ಬಿ ಮತ್ತು ಎಕ್ಸ್‌ಎಲ್‌ಆರ್ ಎರಡೂ ಬಾಯಿ ಇರುವ ಡೈನಾಮಿಕ್ ಮೈಕಿಗೆ. ಸ್ಯಾಮ್ಸನ್ ಕ್ಯೂ2ಯು, ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್ ಈ ಬಗೆಯವು. ಫಿಫೈನ್, ಮಾವೊನೊ ಕೂಡ ಇಂಥವನ್ನು ಮಾಡುತ್ತವೆ. ಬೆಲೆ ಆಗಾಗ ಏರಿಳಿಯುತ್ತದಾದರೂ ಐದಾರು ಸಾವಿರದಿಂದ ಶುರು ಎಂದಿಟ್ಟುಕೊಳ್ಳಿ. ಈಗ ಯುಎಸ್‌ಬಿಗೆ ಹಾಕಿ ಬಳಸಿ. ಮುಂದೆ ಇನ್ನೊಬ್ಬರು ಸೇರಿಕೊಂಡರೆ ಇಂಟರ್‌ಫೇಸ್ ತಂದು ಎಕ್ಸ್‌ಎಲ್‌ಆರ್ ಬಾಯಿಯಿಂದ ಜೋಡಿಸಿ. ಮೈಕಿನಲ್ಲೇ ಹೆಡ್‌ಫೋನ್ ಕಿಂಡಿ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿಬರದೆ ನೇರ ಕಿವಿಗೆ ಬೀಳುತ್ತದೆ, ತಡವಾಗಿ ಕೇಳುವ ಕಿರಿಕಿರಿ ಇಲ್ಲ. ಆಗ ಆಡಾಸಿಟಿಯಲ್ಲಿ ಇನ್‌ಪುಟ್ ಮಾನಿಟರಿಂಗ್ ಆಫ್ ಇರಲಿ, ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತದೆ.

ಯುಎಸ್‌ಬಿ ದಾರಿ ಮುಗ್ಗರಿಸುವುದು ಎರಡನೇ ಮೈಕಿನಲ್ಲಿ. ಪ್ರತಿ ಯುಎಸ್‌ಬಿ ಮೈಕಿಗೂ ತನ್ನದೇ ಗಡಿಯಾರ. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ದನಿಯ ಅಳತೆ, ಎಂದು ಎರಡೂ ಹೇಳಿಕೊಂಡರೂ ಒಂದರದ್ದು ಒಂದು ಕೂದಲೆಳೆ ವೇಗ. ತಾಸಿನ ಮಾತುಕತೆಯಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಜಾರಿದರೂ ಪ್ರತಿಧ್ವನಿಯಂತೆ ಕೇಳಿಸುತ್ತದೆ. ಮ್ಯಾಕಿನಲ್ಲಿ ಆಡಿಯೊ ಮಿಡಿ ಸೆಟಪ್ ತೆರೆದು ಅಗ್ರಿಗೇಟ್ ಡಿವೈಸ್ ಮಾಡಿ, ಡ್ರಿಫ್ಟ್ ಕರೆಕ್ಷನ್ ಗುರುತು ಹಾಕಿ ಸಂಭಾಳಿಸಬಹುದು. ವಿಂಡೋಸಿನಲ್ಲಿ ಅಷ್ಟು ಸುಲಭವಲ್ಲ. ಇಬ್ಬರು ಎಂದು ಮೊದಲೇ ಗೊತ್ತಿದ್ದರೆ ಎರಡು ಯುಎಸ್‌ಬಿ ಮೈಕ್ ಕೊಳ್ಳಲೇಬೇಡಿ.

ಎಕ್ಸ್‌ಎಲ್‌ಆರ್ ಮತ್ತು ಇಂಟರ್‌ಫೇಸ್: ಖರ್ಚಿನದು, ಬೆಳೆಯುವಂಥದು

ಎಕ್ಸ್‌ಎಲ್‌ಆರ್ ತಂತಿಯಲ್ಲಿ ಮೂರು ಪಿನ್: 1 ಗ್ರೌಂಡ್, 2 ದನಿ, 3 ಅದೇ ದನಿಯ ತಿರುಗುಮುರುಗು. ದಾರಿಯಲ್ಲಿ ಸೇರುವ ಕರೆಂಟಿನ ಗುಂಯ್‌ಗಾಟ 2 ಮತ್ತು 3ರ ಮೇಲೆ ಒಂದೇ ರೀತಿ ಬೀಳುತ್ತದೆ. ಪೆಟ್ಟಿಗೆ ಒಂದರಿಂದ ಒಂದನ್ನು ಕಳೆದಾಗ ಗುಂಯ್‌ಗಾಟ ಅಳಿದು ದನಿ ಉಳಿಯುತ್ತದೆ. ಹತ್ತು ಹದಿನೈದು ಮೀಟರ್ ತಂತಿ ಎಳೆದರೂ ತೊಂದರೆ ಇಲ್ಲದಿರುವುದು ಈ ಲೆಕ್ಕದಿಂದ.

ಜೋಡಿಸುವ ಕ್ರಮ ಹೀಗೆ: ಇಂಟರ್‌ಫೇಸನ್ನು ಯುಎಸ್‌ಬಿಗೆ ಹಾಕಿ, ವಿಂಡೋಸ್ ಆದರೆ ತಯಾರಕರ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ದನಿ ಹಿಗ್ಗಿಸುವ ಗೇನ್ ಗುಂಡಿ ಪೂರ್ತಿ ಕೆಳಗೆ, ಕಂಡೆನ್ಸರ್ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಆಫ್. ಆಮೇಲೆ ಮೈಕ್ ತಂತಿ. ಕಂಡೆನ್ಸರ್ ಆದರೆ ಈಗ 48 ವೋಲ್ಟ್ ಆನ್ ಮಾಡಿ ಕೆಲವು ಸೆಕೆಂಡ್ ಕಾಯಿರಿ. ಡೈನಾಮಿಕ್ ಆದರೆ ಅದರ ಅಗತ್ಯವಿಲ್ಲ. ನೀವು ನಿಜವಾಗಿ ಓದುವ ಜೋರಿನಲ್ಲೇ ಓದುತ್ತಾ ಗೇನ್ ಏರಿಸಿ, ಅತಿ ಜೋರಿನ ಮಾತು −12 ಡಿಬಿ ಆಸುಪಾಸು ಮುಟ್ಟಿದಾಗ ನಿಲ್ಲಿಸಿ. "ಹಲೋ ಹಲೋ ಮೈಕ್ ಟೆಸ್ಟಿಂಗ್" ಎಂದು ಮೆಲ್ಲಗೆ ಹೇಳಿ ಗೇನ್ ಇಟ್ಟರೆ ಕಥೆಯ ಬೈಗುಳದ ಜಾಗದಲ್ಲಿ ದನಿ ಒಡೆಯುತ್ತದೆ, ಒಡೆದ ದನಿಗೆ ರಿಪೇರಿ ಇಲ್ಲ.

ಎಡವುವ ಜಾಗಗಳು ಎರಡು. ಹಲವು ಇಂಟರ್‌ಫೇಸ್‌ಗಳ ಮೈಕ್ ಕಿಂಡಿಯಲ್ಲಿ ನಡುವೆ ದಪ್ಪ 6.35 ಮಿ.ಮೀ. ತೂತು, ಸುತ್ತ ಎಕ್ಸ್‌ಎಲ್‌ಆರಿನ ಮೂರು ತೂತು ಇರುತ್ತವೆ. ಎಕ್ಸ್‌ಎಲ್‌ಆರಿನಿಂದ ದಪ್ಪ ಪಿನ್ನಿಗೆ ಹೋಗುವ ತಂತಿ ಅಲ್ಲಿ ಕೂರುತ್ತದೆ ನಿಜ, ಆದರೆ ನಡುವಿನ ತೂತು ಗಿಟಾರ್, ಕೀಬೋರ್ಡ್‌ಗಳ ದಾರಿ. ಅಲ್ಲಿ 48 ವೋಲ್ಟ್ ಬರುವುದಿಲ್ಲ, ಗೇನೂ ಕಡಿಮೆ. ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ತಂತಿಯನ್ನೇ ಕೇಳಿ. ಇನ್ನೊಂದು, ಎಡ ಕಿವಿಯಲ್ಲಿ ಮಾತ್ರ ದನಿ ಬರುವುದು. ಇದು ದೋಷವಲ್ಲ. 1ನೇ ಕಿಂಡಿಯನ್ನು ತಂತ್ರಾಂಶ ಎಡ ಎಂದುಕೊಂಡಿದೆ. ರೆಕಾರ್ಡಿಂಗ್ ಚಾನೆಲ್ಲನ್ನು ಮೋನೊ ಮಾಡಿ.

ಇನ್ನು ಗೇನಿನ ಲೆಕ್ಕ. 1966ರಿಂದ ಸಭೆ ಸಮಾರಂಭಗಳಲ್ಲಿ ಓಡಾಡುತ್ತಿರುವ ಶೂರ್ ಎಸ್‌ಎಂ58 ಒಂದು ಪಾಸ್ಕಲ್ ಒತ್ತಡಕ್ಕೆ ಕೊಡುವುದು 1.85 ಮಿಲಿವೋಲ್ಟ್. ಪಾಡ್‌ಕಾಸ್ಟಿನವರ ಕನಸಿನ ಎಸ್‌ಎಂ7ಬಿ ಕೊಡುವುದು ಅದಕ್ಕಿಂತಲೂ ಕಡಿಮೆ, 1.12. ಅದಕ್ಕೆ ಕನಿಷ್ಠ 60 ಡಿಬಿ ಗೇನ್ ಬೇಕು, ಅಂದರೆ ಸಾವಿರ ಪಟ್ಟು. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಇಂಟರ್‌ಫೇಸ್‌ಗಳ ನಾಲ್ಕನೇ ಪೀಳಿಗೆಯ ಸೋಲೋದಲ್ಲಿ ಇರುವುದು 57 ಡಿಬಿ, ಅದೇ ಪೀಳಿಗೆಯ 2ಐ2ನಲ್ಲಿ 69. ಎಸ್‌ಎಂ7ಬಿಗೆ ದುಡ್ಡು ಸುರಿದು ಸೋಲೋಗೆ ಹಾಕಿದರೆ ಗುಂಡಿ ಕೊನೆ ಮುಟ್ಟಿದರೂ ದನಿ ಸಾಲದು. ಆಮೇಲೆ ನಡುವೆ ಸೇರಿಸಲು ಕ್ಲೌಡ್‌ಲಿಫ್ಟರ್ ತರಹದ ಬೂಸ್ಟರಿಗೆ ಮತ್ತೆ ಖರ್ಚು. ಎಸ್‌ಎಂ58ಗೆ ಹತ್ತಿರದಿಂದ ಮಾತಾಡುವುದಾದರೆ ಸೋಲೋ ಸಾಕು. ಆದರೂ ಇಂಟರ್‌ಫೇಸ್ ಕೊಳ್ಳುವುದೇ ಆದರೆ ಎರಡು ಮೈಕ್ ಕಿಂಡಿಯದನ್ನೇ ಕೊಳ್ಳಿ. ಒಂದೇ ಪೆಟ್ಟಿಗೆ, ಒಂದೇ ಗಡಿಯಾರ. ಇಬ್ಬರ ದನಿ ಎರಡು ಟ್ರ್ಯಾಕಿನಲ್ಲಿ ಒಂದಿಷ್ಟೂ ಜಾರದೆ ಕೂರುತ್ತದೆ.

ಸಂಗೀತದವರಿಗೆ ಇದೇ ದಾರಿ. ಬಾಯಿಗೊಂದು, ವಾದ್ಯಕ್ಕೊಂದು ಮೈಕ್. ಅವರಿಗೆ ಬೇರೊಂದು ಪೀಡೆಯೂ ಇದೆ: ಒಂದೇ ಸಮನೆ ಮೊಳಗುವ ತಂಬೂರಿಯ ಶ್ರುತಿ ಗದ್ದಲ ತಗ್ಗಿಸುವ ತಂತ್ರಾಂಶಕ್ಕೆ ಫ್ಯಾನಿನ ಸದ್ದಿನಂತೆಯೇ ಕಾಣುತ್ತದೆ, ಅಳಿಸಿಹಾಕುತ್ತದೆ. ಶಿಷ್ಯರಿಗೆ ಶ್ರುತಿಯೇ ಕೇಳುತ್ತಿಲ್ಲ ಎಂದರೆ ಮೈಕನ್ನು ಬೈಯಬೇಡಿ. ವಿಂಡೋಸಿನ ಸೌಂಡ್ ಸೆಟ್ಟಿಂಗ್ಸಿನಲ್ಲಿ ಆ ಮೈಕಿನ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ, ಜೂಮ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್" ಆನ್ ಮಾಡಿ.

ವೈರ್‌ಲೆಸ್: ಓಡಾಡುವವರಿಗೆ ಮಾತ್ರ

ಬೋರ್ಡಿನ ಮುಂದೆ ನಿಂತು ಪಾಠ ಮಾಡುವವರು, ಅಡುಗೆ ತೋರಿಸುವವರು ಕೊಳ್ಳಲಿ. ಕೂತು ಓದುವವರಿಗೆ ಇದರಿಂದ ಲಾಭವಿಲ್ಲ, ಚಾರ್ಜ್ ಮಾಡುವ ಕೆಲಸವೊಂದು ಹೆಚ್ಚು. ರಿಸೀವರ್ ನೇರ ಟೈಪ್-ಸಿಗೆ ಕೂತು ಯುಎಸ್‌ಬಿ ಮೈಕಿನಂತೆ ಕಾಣಿಸಿಕೊಳ್ಳುವಂಥದ್ದನ್ನೇ ನೋಡಿ.

ಬ್ಲೂಟೂತ್ ಇಯರ್‌ಬಡ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದರ ಮೈಕ್ ಆನ್ ಆದೊಡನೆ ಸಾಮಾನ್ಯವಾಗಿ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ಸೆಕೆಂಡಿಗೆ 8,000 ಇಲ್ಲವೇ 16,000 ಸ್ಯಾಂಪಲ್. 16,000 ಇದ್ದರೂ 8 ಕಿಲೋಹರ್ಟ್ಜ್ ಮೇಲಿನದೆಲ್ಲ ಹೋಯಿತು. 8,000 ಆದರೆ 4ರ ಮೇಲಿನದೂ ಹೋಗಿ ಸಕಾರ ಶಕಾರಗಳ ಚೂಪೇ ಮೊಂಡಾಗುತ್ತದೆ. "ಶಂಕೆ"ಯೂ "ಸಂಕೆ"ಯೂ ಒಂದೇ ಆಗಿ ಕೇಳಿದರೆ ಕನ್ನಡದ ಕಿವಿ ಸುಮ್ಮನಿರುವುದಿಲ್ಲ.

ಯಾವ ದಾರಿಯಾದರೂ ಈ ಸೆಟ್ಟಿಂಗ್ ನೋಡಿ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಇನ್‌ಪುಟ್ ಎಂದು ಹೋಗಿ ಹೊಸ ಮೈಕನ್ನು ಆರಿಸಿ. ಅಲ್ಲಿ ಮೈಕ್ ಕಾಣುತ್ತಿದ್ದು ಆಡಾಸಿಟಿಯಲ್ಲಿ ಮಾತ್ರ ಗೆರೆ ಸಪಾಟಾಗಿದ್ದರೆ ಪ್ರೈವಸಿ ವಿಭಾಗದ ಮೈಕ್ರೊಫೋನ್ ಪುಟದಲ್ಲಿ ಡೆಸ್ಕ್‌ಟಾಪ್ ಆಪ್‌ಗಳಿಗೆ ಅನುಮತಿ ಆಫ್ ಆಗಿರಬಹುದು. ಆಡಾಸಿಟಿ ತೆರೆದ ಮೇಲೆ ಮೈಕ್ ಚುಚ್ಚಿದರೆ ಪಟ್ಟಿಯಲ್ಲಿ ಬರುವುದಿಲ್ಲ. ಆಡಿಯೊ ಸೆಟಪ್‌ನಲ್ಲಿ ರೀಸ್ಕ್ಯಾನ್ ಒತ್ತಿ. ವಿಂಡೋಸ್ ಆದರೆ ಹೋಸ್ಟ್ ವಾಸಾಪಿ (WASAPI), ಚಾನೆಲ್ ಮೋನೊ, 48,000 ಸ್ಯಾಂಪಲ್. 24 ಬಿಟ್ ಮೋನೊ ವೇವ್ ಫೈಲ್ ನಿಮಿಷಕ್ಕೆ 8.64 ಎಂಬಿ, ತಾಸಿಗೆ 518 ಎಂಬಿ ಆಗುತ್ತದೆ. ಡಿಸ್ಕಿನಲ್ಲಿ ಜಾಗ ನೋಡಿಕೊಂಡು ಶುರು ಮಾಡಿ.

ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಓರೆಯಾಗಿ, 10ರಿಂದ 15 ಸೆಂ.ಮೀ. ದೂರದಲ್ಲಿಡಿ. ಕನ್ನಡದಲ್ಲಿ ಪ, ಬಗಳ ಜೊತೆ ಫ, ಭಗಳ ಗಾಳಿಯೂ ಇದೆ. "ಬಿಸಿಬೇಳೆ ಭಾತು, ಪುಳಿಯೋಗರೆ, ಫಲಾಹಾರ, ಪಾಯಸ" ಎಂದು ಹೇಳಿ ರೆಕಾರ್ಡ್ ಮಾಡಿ ನೋಡಿ. ಧಬ್ ಧಬ್ ಎಂದರೆ ಇನ್ನಷ್ಟು ಓರೆ ಮಾಡಿ, ಇಲ್ಲವೇ ಪಾಪ್ ಫಿಲ್ಟರ್ ಹಾಕಿ.

ಹಾಗಾದರೆ ಯಾರಿಗೆ ಯಾವುದು

ಮಾಡುತ್ತೇನೋ ಇಲ್ಲವೋ ಎಂಬ ಅನುಮಾನದಲ್ಲಿರುವವರು ಕಾಲರ್ ಮೈಕಿನಲ್ಲಿ ಹತ್ತು ಕಂತು ಮಾಡಿ ನೋಡಲಿ. ಒಬ್ಬರೇ ನಿಯಮಿತವಾಗಿ ಓದುವವರಿಗೆ ಎರಡು ಬಾಯಿಯ ಡೈನಾಮಿಕ್ ಮೈಕ್, ಅದಕ್ಕೊಂದು ತೋಳಿನ ಸ್ಟ್ಯಾಂಡ್. ಮೇಜಿನ ಮೇಲೆ ಇಡುವ ಸ್ಟ್ಯಾಂಡಾದರೆ ಕೀಬೋರ್ಡಿನ ಟಕಟಕ ಮೇಜಿನ ಮೂಲಕವೇ ಏರಿಬರುತ್ತದೆ. ಇಬ್ಬರಿದ್ದರೆ, ಸಂಗೀತವಿದ್ದರೆ ಎರಡು ಕಿಂಡಿಯ ಇಂಟರ್‌ಫೇಸ್. ಹಣ ಸಾಲದಿದ್ದರೆ ಮೈಕಿನಲ್ಲಿ ಉಳಿಸಿ, ಇಂಟರ್‌ಫೇಸಿನಲ್ಲಿ ಬೇಡ. ಸೀರೆಗಳು ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಕಡೆ ಮುಖ ಮಾಡಿ ಕೂತರೆ ಕೋಣೆಯ ಗುಂಗು ಎಷ್ಟೋ ತಗ್ಗುತ್ತದೆ, ಅದಕ್ಕೆ ಕಾಸೂ ಬೇಡ.

ತಂದ ಮೈಕನ್ನು ವಾಪಸ್ ಕೊಡುವ ಗಡುವಿನೊಳಗೆ ಒಂದು ಪರೀಕ್ಷೆ ಮಾಡಿಬಿಡಿ. ನಿಮ್ಮ ಓದು −12 ಮುಟ್ಟುವಂತೆ ಗೇನ್ ಇಟ್ಟು, ಬಾಯಿ ಮುಚ್ಚಿ 30 ಸೆಕೆಂಡ್ ಮೌನವನ್ನೇ ರೆಕಾರ್ಡ್ ಮಾಡಿ. ಮೀಟರು −60ರ ಕೆಳಗಿದ್ದರೆ ಚಿಂತೆಯಿಲ್ಲ. −50ಕ್ಕಿಂತ ಮೇಲಿದ್ದರೆ ಮೊದಲು ಫ್ಯಾನ್ ನಿಲ್ಲಿಸಿ. ಆಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಗುಂಯ್ ನಿಂತರೆ ದೋಷ ಮೈಕಿನದಲ್ಲ, ಅರ್ತಿಂಗಿನದು. ಸರಿಯಾದ ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿ, ಇಲ್ಲವೇ ಬ್ಯಾಟರಿಯ ಮೇಲೇ ರೆಕಾರ್ಡ್ ಮಾಡಿ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಓಡುತ್ತಿದ್ದರೆ ಈ ಪರೀಕ್ಷೆಯನ್ನು ಕರೆಂಟ್ ಬಂದ ಮೇಲೆ ಮಾಡಿ. ಇಷ್ಟೆಲ್ಲ ಆದ ಮೇಲೂ ಸುಯ್ ಎನ್ನುತ್ತಿದ್ದರೆ ಆಗ ಮೈಕನ್ನು ಡಬ್ಬಿಗೆ ಹಾಕಿ ವಾಪಸ್ ಕಳಿಸಿ.